ವಿಶ್ವಾಸವೆಂಬ ಉಸಿರು

ನಮ್ಮ ಹಿರಿಯರು ಕಾಗದ ಬರೆದು ಮುಗಿಸುವಾಗ ‘ವಿಶ್ವಾಸವಿರಲಿ’ ಎಂಬ ಮಾತನ್ನು ಸೇರಿಸುತ್ತಿದ್ದರು. ಅದೇ ಶಬ್ದ ಇಂದು ‘ವಿಶ್ವಾಸಮತ’, ‘ಅವಿಶ್ವಾಸ ನಿರ್ಣಯ’ ಎಂಬ ರೂಪಗಳಲ್ಲಿ ಪತ್ರಿಕೆಗಳ ಮೊದಲ ಪುಟವನ್ನು ಏರಿದೆ. ಸಂಸ್ಕೃತದ ‘ಶ್ವಸ್’ ಧಾತುವಿಗೆ ಉಸಿರಾಡುವುದು ಎಂದರ್ಥ. ಅಳುಕಿಲ್ಲದೆ ನಿರಾಳವಾಗಿ ಉಸಿರಾಡುವ ಸ್ಥಿತಿಯೇ ವಿಶ್ವಾಸ. ಸಂಸದೀಯ ಪದ್ಧತಿಯ ಮರ್ಮವೆಲ್ಲ ಈ ಧಾತುವಿನಲ್ಲಿಯೇ ಅಡಗಿದೆಯೆಂದು ಕನ್ನಡ ಪಾಠ ಹೇಳುವ ನನಗೆ ಅನೇಕ ಸಲ ಅನ್ನಿಸಿದೆ.

ಅಮೆರಿಕದ ಅಧ್ಯಕ್ಷನ ಅವಧಿ ನಾಲ್ಕು ವರ್ಷವೆಂದು ನಿಶ್ಚಿತವಾಗಿದೆ; ಅಲ್ಲಿಯ ಶಾಸನಸಭೆಯಲ್ಲಿ ಎದುರುಪಕ್ಷವೇ ಬಹುಸಂಖ್ಯೆಯಲ್ಲಿದ್ದರೂ ಅಷ್ಟರಿಂದಲೇ ಆತನ ಪದವಿ ಹೋಗದು. ನಮ್ಮ ಮಂತ್ರಿಮಂಡಲಕ್ಕೆ ಅಂಥ ಅಭಯವಿಲ್ಲ. ಅದು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದು ಸಂವಿಧಾನದ 75ನೆಯ ವಿಧಿ ಹೇಳುತ್ತದೆ. ರಾಜ್ಯಗಳಲ್ಲಿ ವಿಧಾನಸಭೆಗೆ ಹೊಣೆಯೆಂದು 164ನೆಯ ವಿಧಿ. ಐದು ವರ್ಷವೆಂಬುದು ಸಭೆಯ ಆಯುಷ್ಯವೇ ಹೊರತು ಮಂತ್ರಿಮಂಡಲದ್ದಲ್ಲ. ಲೋಕಸಭೆಯಲ್ಲಿ ಐವತ್ತು ಸದಸ್ಯರು ಎದ್ದುನಿಂತು ಬೆಂಬಲಿಸಿದರೆ ಅವಿಶ್ವಾಸ ನಿರ್ಣಯ ಚರ್ಚೆಗೆ ಬರುತ್ತದೆ. 1963ರಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಮಂತ್ರಿಮಂಡಲದ ವಿರುದ್ಧ ಮಂಡಿಸಿದ್ದೇ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯ. ಅದು ಬಿದ್ದುಹೋಯಿತು, ನಿಜ. ಆದರೆ ಅಷ್ಟು ದೊಡ್ಡ ಬಹುಮತದ ಪ್ರಧಾನಿಯೂ ಸದನದಲ್ಲಿ ಕುಳಿತು ಆಕ್ಷೇಪಣೆಗಳನ್ನು ಕೇಳಿ ಉತ್ತರಿಸಬೇಕಾಯಿತು.

1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರಕಾರ 269ಕ್ಕೆ 270 ಮತಗಳಿಂದ ಸೋತಿತು. ಒಂದೇ ಒಂದು ಮತ! ಸೈನ್ಯ ಬೀದಿಗಿಳಿಯಲಿಲ್ಲ, ನೆತ್ತರು ಹರಿಯಲಿಲ್ಲ. ಪ್ರಧಾನಿ ಅಂದೇ ರಾಷ್ಟ್ರಪತಿಗಳಲ್ಲಿಗೆ ಹೋಗಿ ರಾಜೀನಾಮೆ ಸಲ್ಲಿಸಿದರು. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಕಾದಿದ ಕಥೆಯನ್ನು ಪಂಪನಿಂದ ಕುಮಾರವ್ಯಾಸನವರೆಗೆ ಪಾಠ ಮಾಡುವವನಿಗೆ ಈ ಶಾಂತಿ ಸಾಮಾನ್ಯ ಸಂಗತಿಯಾಗಿ ಕಾಣಲಾರದು.

ಆದರೆ ವಿಶ್ವಾಸವನ್ನು ಎಣಿಸುವುದೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಕರ್ನಾಟಕದ ಪ್ರಕರಣದಿಂದಲೇ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮ ಸಹಿ ಪಡೆಯಲಾಯಿತೆಂದು ಮತ್ತೆ ಪತ್ರ ಬರೆದರು. ಸದನದಲ್ಲಿಯೇ ಬಹುಮತ ತೋರಿಸುವೆನೆಂದು ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಭಿಪ್ರಾಯ ಅದಕ್ಕೆ ಬದಲಾಗಲಾರದು. ಬೊಮ್ಮಾಯಿಯವರಿಗೆ ಅದರಿಂದ ಪದವಿ ಮರಳಲಿಲ್ಲ. ಆ ವಿಧಾನಸಭೆಯೇ ಎಂದೋ ವಿಸರ್ಜನೆಯಾಗಿತ್ತು. ಫಲ ದೊರೆತದ್ದು ಅವರ ಅನಂತರ ಬಂದವರಿಗೆ. ನಮ್ಮ ವಿಧಾನಸಭೆಯಲ್ಲಿಯೇ 2019ರ ಜುಲೈ 23ರಂದು ಕುಮಾರಸ್ವಾಮಿಯವರ ಸರಕಾರ 99ಕ್ಕೆ 105 ಮತಗಳಿಂದ ಬಿದ್ದದ್ದು ಎಲ್ಲರ ಕಣ್ಣೆದುರಿನ ಎಣಿಕೆಯಿಂದ.

ಹಾಗೆಂದು ಎಣಿಕೆ ಸರಿಯಾದರೆ ವಿಶ್ವಾಸವೂ ಸರಿಯಾಯಿತೆನ್ನಬಹುದೆ? ಪಕ್ಷಾಂತರವನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷದ ಆದೇಶವನ್ನು ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. “ಹಾಗಾದರೆ ಸರ್, ಆ ಮತ ಅವರದೋ, ಪಕ್ಷದ್ದೋ?” ಎಂದು ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದ್ದುಂಟು. ಪ್ರಶ್ನೆ ಹಗುರವಾದುದಲ್ಲ. ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿನಲ್ಲಿ ಕಾದಿಡುವುದನ್ನು ಕಂಡವರಿಗೆ ಬೇಲಿ ಬೇಡವೆನ್ನಲು ನಾಲಗೆ ಬಾರದು. ಬೇಲಿಯೊಳಗೇ ಕಟ್ಟಿಹಾಕಿದ್ದನ್ನು ವಿಶ್ವಾಸವೆಂದು ಕರೆಯಲು ಮನಸ್ಸೂ ಬಾರದು. ಸರಕಾರದ ಅಳಿವು ಉಳಿವಿನ ಪ್ರಶ್ನೆಯಲ್ಲಿ ಮಾತ್ರ ಪಕ್ಷದ ಆದೇಶವಿರಲಿ, ಉಳಿದ ಚರ್ಚೆಗಳಲ್ಲಿ ಸದಸ್ಯನ ವಿವೇಕಕ್ಕೆ ಎಡೆಯಿರಲಿ ಎಂಬ ವಾದವೇ ನನಗೆ ಹೆಚ್ಚು ಯುಕ್ತವಾಗಿ ತೋರುತ್ತದೆ.

ಮಂತ್ರಿಮಂಡಲ ಸಭೆಯ ವಿಶ್ವಾಸದಿಂದ ಬದುಕುತ್ತದೆ, ಸಭೆ ನಮ್ಮ ವಿಶ್ವಾಸದಿಂದ. ಮತ ಹಾಕಿ ಬಂದ ಮೇಲೆ ನಮ್ಮ ಪ್ರತಿನಿಧಿ ಸದನದಲ್ಲಿ ಏನು ಮಾತನಾಡಿದರು, ಯಾವ ಪಕ್ಕಕ್ಕೆ ಕೈಯೆತ್ತಿದರು ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ? ಆ ವಿಚಾರಣೆ ನಮ್ಮ ಜಗಲಿಗಳಲ್ಲಿಯೂ ತರಗತಿಗಳಲ್ಲಿಯೂ ನಡೆಯುತ್ತಿದ್ದರೆ, ಸದನದಲ್ಲಿ ಕೈಯೆತ್ತುವವರಿಗೂ ಅದರ ನೆನಪಿದ್ದೀತು.