ಸಾನ್ ಫ್ರಾನ್ಸಿಸ್ಕೋ ಕಾಲೇಜಿನ ಮಹಾ ಮುಷ್ಕರ

ವಿದ್ಯಾರ್ಥಿಗಳ ಮುಷ್ಕರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮೂರೇ ಕಾರಣಗಳು: ಶುಲ್ಕ, ಪರೀಕ್ಷೆ, ವಿದ್ಯಾರ್ಥಿ ನಿಲಯದ ಊಟ. "ನಮ್ಮ ಜನರ ಚರಿತ್ರೆಯನ್ನೂ ನಮಗೆ ಕಲಿಸಿರಿ, ಕಲಿಯಬಯಸುವ ನಮ್ಮ ಜನರಿಗೆ ಬಾಗಿಲನ್ನೂ ತೆರೆಯಿರಿ" ಎಂದು ವಿದ್ಯಾರ್ಥಿಗಳು ಹಠ ಹಿಡಿದು ತರಗತಿಗಳನ್ನು ಬಹಿಷ್ಕರಿಸುವುದು ಅಪೂರ್ವವಾದ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರಿನಿಂದ 1969ರ ಮಾರ್ಚಿಯವರೆಗೆ ಇಂತಹ ಒಂದು ಮುಷ್ಕರ ನಡೆಯಿತು. ಅದರ ಮೂಲವೇನು, ಫಲವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರೆಯಾಗಿಡುವ ಕಾನೂನುಗಳು ಬಹುಕಾಲ ಇದ್ದವು. ಶಾಲೆಗಳಲ್ಲಿ ಇಂತಹ ವಿಂಗಡಣೆ ಸಂವಿಧಾನ ವಿರೋಧಿಯೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ತೀರ್ಪು ಬಂದರೂ ಆಚರಣೆ ನಿಲ್ಲಲಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಪಟ್ಟಣದ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆಂದೇ ಮೀಸಲಾದ ಅಂಗಡಿಯ ಉಪಾಹಾರದ ಮೇಜಿನ ಮುಂದೆ ಸುಮ್ಮನೆ ಹೋಗಿ ಕುಳಿತರು. ಅದೇ ಜುಲೈನಲ್ಲಿ ಆ ಮೇಜು ಎಲ್ಲರದಾಯಿತು.

ಆದರೆ ಕ್ಯಾಲಿಫೋರ್ನಿಯದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕಾಲೇಜಿನ ಬಾಗಿಲಲ್ಲಿ "ಕಪ್ಪು ಜನರಿಗೆ ಪ್ರವೇಶವಿಲ್ಲ" ಎಂಬ ಹಲಗೆ ಇರಲಿಲ್ಲ. 1960ರಲ್ಲಿ ಸಂಸ್ಥಾನವು ಉನ್ನತ ಶಿಕ್ಷಣಕ್ಕೊಂದು ಯೋಜನೆಯನ್ನು ರೂಪಿಸಿತು. ಪ್ರೌಢಶಾಲೆಯಿಂದ ತೇರ್ಗಡೆಯಾದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದವರು ವಿಶ್ವವಿದ್ಯಾನಿಲಯಕ್ಕೆ, ಮೇಲಿನ ಮೂರನೆಯ ಒಂದು ಭಾಗದವರು ಸ್ಟೇಟ್ ಕಾಲೇಜುಗಳಿಗೆ ಅರ್ಹರು. ಉಳಿದವರಿಗೆ ಎರಡು ವರ್ಷದ ಕಾಲೇಜುಗಳು. ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಆದರೆ ಬಡ ಬಡಾವಣೆಗಳ ದುರ್ಬಲ ಶಾಲೆಗಳಲ್ಲಿ ಓದಿದ ಮಕ್ಕಳು ಆ ಮೇಲಿನ ಭಾಗಕ್ಕೆ ಏರುವುದು ಹೇಗೆ? ತಕ್ಕಡಿ ಎಲ್ಲರಿಗೂ ಒಂದೇ, ಆದರೆ ತೂಗುವ ಮುನ್ನ ಉಣಿಸಿದ ಅನ್ನ ಒಂದೇ ಅಲ್ಲ. ಹೀಗಾಗಿ ಆ ದಶಕದಲ್ಲಿ ಈ ಕಾಲೇಜಿನ ಕಪ್ಪು ವಿದ್ಯಾರ್ಥಿಗಳ ಪ್ರಮಾಣ ಏರುವುದರ ಬದಲು ಇಳಿಯಿತು.

ಕಾಲೇಜಿನಲ್ಲಿ ನೀಗ್ರೋ ವಿದ್ಯಾರ್ಥಿಗಳ ಸಂಘವೊಂದಿತ್ತು. 1966ರಲ್ಲಿ ಅದು 'ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್' ಎಂದು ಹೆಸರು ಬದಲಿಸಿಕೊಂಡಿತು. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ಪರರು ಇಟ್ಟ ಹೆಸರನ್ನು ಬಿಟ್ಟು, ಹಿಂದೆ ಹೀನಾಯವೆನಿಸಿದ್ದ 'ಕಪ್ಪು' ಎಂಬ ಮಾತನ್ನೇ ಅಭಿಮಾನದಿಂದ ಎತ್ತಿಕೊಂಡದ್ದು. ಸಂಘದ ಸದಸ್ಯರು ಬಡ ಬಡಾವಣೆಗಳ ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿ ತೊಡಗಿದರು. ಅದೇ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ 'ಪ್ರಯೋಗ ಕಾಲೇಜು' ಎಂಬ ಏರ್ಪಾಡಿನಲ್ಲಿ ಕಪ್ಪು ಜನರ ಚರಿತ್ರೆ, ಸಾಹಿತ್ಯಗಳ ತರಗತಿಗಳನ್ನೂ ಆರಂಭಿಸಿದರು. ಅಂದರೆ ಅವರು ಮೊದಲು ಕೂಗಲಿಲ್ಲ; ಮೊದಲು ಮಾಡಿ ತೋರಿಸಿದರು. ಅದನ್ನು ಕಾಲೇಜಿನ ಕ್ರಮಬದ್ಧ ವಿಭಾಗವನ್ನಾಗಿ ಮಾಡಬೇಕೆಂಬುದು ಅವರ ಆಶೆ. ಆ ಕಾರ್ಯಕ್ಕಾಗಿ 1968ರಲ್ಲಿ ಸಮಾಜಶಾಸ್ತ್ರಜ್ಞ ನೇಥನ್ ಹೇರ್ ಅವರನ್ನು ಕರೆತರಲಾಯಿತು. ಆದರೆ ವಿಭಾಗ ಕಾಗದದಿಂದ ಕೆಳಗಿಳಿಯಲಿಲ್ಲ.

ಬೆಂಕಿಗೆ ಕಿಡಿಯಾದದ್ದು ಜಾರ್ಜ್ ಮರ್ರೆ ಎಂಬ ತರುಣ ಇಂಗ್ಲಿಷ್ ಬೋಧಕರ ಪ್ರಸಂಗ. ಅವರು ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಶಿಕ್ಷಣ ಮಂತ್ರಿ ಎನಿಸಿದ್ದರು. ಅವರ ಉಗ್ರ ಭಾಷಣಗಳಿಂದ ಕೆರಳಿದ ಮೇಲಧಿಕಾರಿಗಳು ಅವರನ್ನು ಅಮಾನತಿನಲ್ಲಿಡುವಂತೆ ಒತ್ತಾಯಿಸಿ, ನವೆಂಬರ್ 1ರಂದು ಹಾಗೆಯೇ ಮಾಡಿಸಿದರು. ನವೆಂಬರ್ 6ರಂದು ಮುಷ್ಕರ ಆರಂಭವಾಯಿತು. ಕಪ್ಪು ವಿದ್ಯಾರ್ಥಿಗಳ ಬೇಡಿಕೆಗಳು ಹತ್ತು. ಏಷ್ಯ ಮೂಲದವರು, ಮೆಕ್ಸಿಕೋ ಮೂಲದವರು ಮೊದಲಾದವರು ಕೂಡಿದ 'ತೃತೀಯ ಜಗತ್ತಿನ ವಿಮೋಚನಾ ರಂಗ'ದವು ಐದು. ಇಪ್ಪತ್ತು ಅಧ್ಯಾಪಕರಿರುವ ಕಪ್ಪು ಅಧ್ಯಯನ ವಿಭಾಗ, ಎಲ್ಲ ಜನಾಂಗಗಳ ಅಧ್ಯಯನಕ್ಕೊಂದು ಶಾಲೆ, ಅರ್ಜಿ ಹಾಕಿದ ಕಪ್ಪು ವಿದ್ಯಾರ್ಥಿಗಳೆಲ್ಲರಿಗೂ ಪ್ರವೇಶ, ಮರ್ರೆಯವರ ಪುನರ್ನೇಮಕ ಇವು ಮುಖ್ಯವಾದವು.

ಅಧ್ಯಕ್ಷ ರಾಬರ್ಟ್ ಸ್ಮಿತ್ ವಿದ್ಯಾರ್ಥಿಗಳಿಗೂ ಮೇಲಧಿಕಾರಿಗಳಿಗೂ ನಡುವೆ ಸಿಕ್ಕಿ, ತಿಂಗಳು ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದವರು ಎಸ್. ಐ. ಹಯಕಾವಾ. ಅವರು ಆ ವರ್ಷದ ಮೂರನೆಯ ಅಧ್ಯಕ್ಷರು. ಜಪಾನೀ ಮೂಲದವರು, ಶಬ್ದಾರ್ಥ ವಿಜ್ಞಾನದಲ್ಲಿ ಹೆಸರಾಂತ ವಿದ್ವಾಂಸರು. ಮನುಷ್ಯರು ಮಾತನ್ನು ಹೇಗೆ ಬಳಸುತ್ತಾರೆಂಬುದನ್ನು ಕುರಿತು ಪುಸ್ತಕ ಬರೆದ ಆ ಪಂಡಿತರು ಡಿಸೆಂಬರ್ 2ರಂದು ಮುಷ್ಕರನಿರತರ ಧ್ವನಿವರ್ಧಕದ ಗಾಡಿಯನ್ನು ಹತ್ತಿ ಅದರ ತಂತಿಗಳನ್ನು ಕಿತ್ತೆಸೆದರು! ದೂರದರ್ಶನದಲ್ಲಿ ಇದನ್ನು ಕಂಡು ಅನೇಕರು ಮೆಚ್ಚಿದರು. ಮುಂದೆ 1976ರ ಚುನಾವಣೆಯಲ್ಲಿ ಗೆದ್ದು ಅವರು ಸೆನೆಟ್ ಸದಸ್ಯರೂ ಆದರು.

ಮುಷ್ಕರಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಪೋಲೀಸರ ಲಾಠಿಯಿಂದ ಅನೇಕರ ತಲೆ ಒಡೆಯಿತು. ಜನವರಿಯಲ್ಲಿ ಅಧ್ಯಾಪಕರ ಸಂಘವೂ ಮುಷ್ಕರ ಹೂಡಿತು. ಜನವರಿ 23ರಂದು ಒಂದೇ ದಿನ ನಾನೂರಕ್ಕೂ ಹೆಚ್ಚು ಜನ ಬಂಧಿತರಾದರು. ವಿದ್ಯಾರ್ಥಿಗಳ ಕಡೆಯೂ ನಿರ್ದೋಷವಾಗಿರಲಿಲ್ಲವೆಂದು ಒಪ್ಪಬೇಕು. ಕಿಟಕಿಗಳು ಒಡೆದವು, ನಡೆಯುತ್ತಿದ್ದ ತರಗತಿಗಳನ್ನು ಬಲಾತ್ಕಾರದಿಂದ ಕೆಡಿಸಲಾಯಿತು; ಬಾಂಬ್ ಇಡಹೋದ ಒಬ್ಬ ತರುಣ ತಾನೇ ಅದಕ್ಕೆ ತುತ್ತಾಗಿ ತೀವ್ರವಾಗಿ ಗಾಯಗೊಂಡನು. ನ್ಯಾಯವಾದ ಬೇಡಿಕೆ ಅನ್ಯಾಯದ ಕೈಯನ್ನು ತೊಳೆಯಲಾರದು.

ಮಾರ್ಚಿಯಲ್ಲಿ ಒಪ್ಪಂದವಾಯಿತು. ಕೇಳಿದ್ದೆಲ್ಲ ದೊರೆಯಲಿಲ್ಲ. ಮರ್ರೆ ಮತ್ತೆ ಕೆಲಸಕ್ಕೆ ಬರಲಿಲ್ಲ. ವಿಭಾಗಕ್ಕಾಗಿ ದುಡಿದ ಹೇರ್ ಅವರಿಗೂ ಅದರಲ್ಲಿ ಸ್ಥಾನ ಉಳಿಯಲಿಲ್ಲ. ಅನೇಕ ವಿದ್ಯಾರ್ಥಿಗಳು ಸೆರೆಮನೆ ಕಂಡರು. ಆದರೆ 1969ರ ಶರತ್ಕಾಲದಲ್ಲಿ ಜನಾಂಗ ಅಧ್ಯಯನಗಳ ಶಾಲೆ ಬಾಗಿಲು ತೆರೆಯಿತು. ಕಪ್ಪು ಜನರ, ಏಷ್ಯ ಮೂಲದವರ, ಮೆಕ್ಸಿಕೋ ಮೂಲದವರ, ಅಮೆರಿಕದ ಮೂಲನಿವಾಸಿಗಳ ಅಧ್ಯಯನಗಳು ಅಲ್ಲಿ ಆರಂಭವಾದವು. ಅನಂತರ ದೇಶದ ನೂರಾರು ಕಾಲೇಜುಗಳಲ್ಲಿ ಇಂತಹ ವಿಭಾಗಗಳು ಹುಟ್ಟಿದವು. 2020ರಲ್ಲಿ ಕ್ಯಾಲಿಫೋರ್ನಿಯದ ಶಾಸನವೊಂದು, ಸ್ಟೇಟ್ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪಡೆಯಲು ಜನಾಂಗ ಅಧ್ಯಯನದ ಒಂದು ಪಾಠವನ್ನು ಕಡ್ಡಾಯವಾಗಿ ಓದಬೇಕೆಂದು ವಿಧಿಸಿತು. ಯಾವುದನ್ನು ಕೇಳಿದ್ದಕ್ಕೆ ಅಂದು ಲಾಠಿಯ ಏಟು ಬಿದ್ದಿತೋ, ಅದನ್ನೇ ಓದಿರೆಂದು ಐವತ್ತು ವರ್ಷಗಳ ಮೇಲೆ ಸರ್ಕಾರವೇ ಹೇಳಿತು.

ಪಠ್ಯಪಟ್ಟಿ ಆಕಾಶದಿಂದ ಇಳಿದದ್ದಲ್ಲ. ಯಾರೋ ಕೆಲವರು ಕೂತು, ಇದು ಓದತಕ್ಕದ್ದು, ಇದು ಓದತಕ್ಕದ್ದಲ್ಲ ಎಂದು ತೀರ್ಮಾನಿಸಿದ್ದು. ಅದರಲ್ಲಿ ಯಾರ ಮಾತಿದೆ, ಯಾರ ಮಾತು ಬಿಟ್ಟುಹೋಗಿದೆ. ನಮ್ಮ ಪಕ್ಕದ ಬೆಂಚಿನಲ್ಲಿ ಇರಬೇಕಾಗಿದ್ದು ಇಲ್ಲದಿರುವವರು ಯಾರು? ಈ ಎರಡು ಪ್ರಶ್ನೆಗಳನ್ನು ಆ ವಿದ್ಯಾರ್ಥಿಗಳು ಕೇಳಿದರು. ಅವರ ಮಾರ್ಗದಲ್ಲಿ ಎಷ್ಟನ್ನು ಒಪ್ಪಬೇಕು, ಎಷ್ಟನ್ನು ಬಿಡಬೇಕು ಎಂಬುದನ್ನು ಓದುಗರ ವಿವೇಕಕ್ಕೇ ಬಿಡುತ್ತೇನೆ. ಆದರೆ ಆ ಎರಡು ಪ್ರಶ್ನೆಗಳು ಯಾವ ದೇಶದ ಯಾವ ಕಾಲೇಜಿಗೂ ಹೊರಗಿನವಲ್ಲ.