ಚೆಂಡು ನಿಂತಾಗ ಆಟ ಯಾರ ಕೈಲಿ?

2019ರ ಮಾರ್ಚ್ 17, ಮುಂಬೈ. ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಎದುರು ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಆದ್ರೂ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು. 117ನೇ ನಿಮಿಷದಲ್ಲಿ ಒಂದು ಕಾರ್ನರ್. ದಿಮಾಸ್ ದೆಲ್ಗಾಡೊ ಚೆಂಡನ್ನು ಎತ್ತಿ ಹಾಕಿದರು, ರಾಹುಲ್ ಭೇಕೆ ಹೆಡರ್ ಹೊಡೆದರು, 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ ಬಂತು. ಭೇಕೆ ಸ್ಟ್ರೈಕರ್ ಅಲ್ಲ, ಡಿಫೆಂಡರ್.

ಹೀಗೆ ಚೆಂಡು ನಿಂತ ಮೇಲೆ ಮತ್ತೆ ಶುರುವಾಗುವ ಆಟಕ್ಕೆ ಸೆಟ್ ಪೀಸ್ ಅಂತಾರೆ. ಕಾರ್ನರ್, ಫ್ರೀ ಕಿಕ್, ಥ್ರೋ-ಇನ್ ಎಲ್ಲ ಇದರಲ್ಲಿ ಸೇರುತ್ತವೆ. ನಮ್ಮ ಕಾಲೇಜು ತಂಡಗಳು ಅತಿ ಕಡಿಮೆ ಅಭ್ಯಾಸ ಮಾಡುವುದೂ ಇದನ್ನೇ. "ಕಾರ್ನರ್ ಸಿಕ್ತಾ? ಎಲ್ರೂ ಒಳಗೆ ನುಗ್ರೋ!" ಅಷ್ಟೇ ನಮ್ಮ ಪ್ಲಾನ್. ಹೀಗೆ ನುಗ್ಗಿದರೆ ಸರಿಸುಮಾರು ನೂರು ಕಾರ್ನರ್‌ಗೆ ಮೂರೋ ನಾಲ್ಕೋ ಗೋಲು ಬಂದರೆ ಹೆಚ್ಚು. ಆದರೆ ಒಂದೇ ಗೋಲಿನಲ್ಲಿ ತೀರ್ಮಾನವಾಗುವ ಆಟದಲ್ಲಿ ಆ ಮೂರು ನಾಲ್ಕು ಸಣ್ಣ ಸಂಖ್ಯೆ ಏನಲ್ಲ.

ಇದನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡ ಆಟ ಅಮೆರಿಕನ್ ಫುಟ್‌ಬಾಲ್. ಅಲ್ಲಿ ದಾಳಿಗೆ ಒಂದು ಗುಂಪು, ರಕ್ಷಣೆಗೆ ಒಂದು ಗುಂಪು, ಚೆಂಡನ್ನು ಒದೆಯುವ ಸಂದರ್ಭಗಳಿಗೆ ಮೂರನೇ ಗುಂಪು. ಈ ಮೂರನೆಯದೇ ಸ್ಪೆಷಲ್ ಟೀಮ್. ಇದಕ್ಕೆ ಬೇರೆಯೇ ಕೋಚ್ ಇರುತ್ತಾರೆ. ಈ ಕೋಚ್ ಕೆಲಸ ಬಹಳ ಕಷ್ಟದ್ದು. ಯಾಕಂದ್ರೆ ಇವರಿಗೆ ಸಿಗುವವರಲ್ಲಿ ಹೆಚ್ಚಿನವರು ಸ್ಟಾರ್‌ಗಳಲ್ಲ, ಬೆಂಚ್ ಮೇಲೆ ಕೂರುವವರು. ಅವರನ್ನೇ ಹುರಿದುಂಬಿಸಿ, ಇಡೀ ತಂಡಕ್ಕೆ ಅರ್ಥವಾಗುವ ಹಾಗೆ ಮಾತಾಡಿ ಕೆಲಸ ತೆಗೆಯಬೇಕು. ಈ ಗರಡಿಯಲ್ಲಿ ಪಳಗಿದ ಜಾನ್ ಹಾರ್ಬಾ ಮುಂದೆ ಬಾಲ್ಟಿಮೋರ್ ರೇವನ್ಸ್ ತಂಡದ ಮುಖ್ಯ ಕೋಚ್ ಆದರು, 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಆ ಫೈನಲ್‌ನ ದ್ವಿತೀಯಾರ್ಧ ಶುರುವಾಗುತ್ತಿದ್ದಂತೆ ಜಕೋಬಿ ಜೋನ್ಸ್ ಎದುರಾಳಿ ಒದ್ದ ಚೆಂಡು ಹಿಡಿದು 108 ಗಜ ಓಡಿ ಅಂಕ ತಂದರು. ಅದೂ ಸ್ಪೆಷಲ್ ಟೀಮ್ ಕೆಲಸವೇ.

ಆಟಗಾರರ ಕಡೆಯಿಂದ ನೋಡಿದರೆ ಮ್ಯಾಥ್ಯೂ ಸ್ಲೇಟರ್ ಕಥೆ ಇನ್ನೂ ಚೆನ್ನಾಗಿದೆ. ದಾಖಲೆ ಪ್ರಕಾರ ಅವರು ಪಾಸ್ ಹಿಡಿದು ಓಡಬೇಕಾದ ಆಟಗಾರ. ಇಡೀ ವೃತ್ತಿಜೀವನದಲ್ಲಿ ಹಿಡಿದ ಪಾಸ್ ಒಂದೇ ಒಂದು! ಆದ್ರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಸ್ಪೆಷಲ್ ಟೀಮ್ ಕ್ಯಾಪ್ಟನ್ ಆಗಿ ಹತ್ತು ಸಲ ಪ್ರೋ ಬೌಲ್‌ಗೆ ಆಯ್ಕೆಯಾದರು, ಮೂರು ಸೂಪರ್ ಬೌಲ್ ಗೆದ್ದರು. ಚೆಂಡು ಮುಟ್ಟದೇ ನಾಯಕನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಾದ್ರೆ ಕೋಚ್ ಎಷ್ಟು ಮಾಡಬೇಕು, ಆಟಗಾರ ಎಷ್ಟು ಮಾಡಬೇಕು? ಇದಕ್ಕೆ ಮತ್ತೆ ಬೆಂಗಳೂರಿಗೇ ಬರೋಣ.

2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ. ಎದುರಾಳಿ ಕೇರಳ ಬ್ಲಾಸ್ಟರ್ಸ್, ಸೋತವರು ಮನೆಗೆ. ಹೆಚ್ಚುವರಿ ಸಮಯದ ಶುರುವಿನಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿಬಿಟ್ಟರು. ಕೇರಳ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ಹೋಯಿತು. ಗೋಲು ಉಳಿಯಿತು, ಕೇರಳಕ್ಕೆ ಆಮೇಲೆ 4 ಕೋಟಿ ರೂಪಾಯಿ ದಂಡ ಬಿತ್ತು.

ನಿಯಮ ಏನು ಹೇಳುತ್ತೆ? ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಆದರೆ ಅದು ಹೊಡೆಯುವವನ ಹಕ್ಕು. ಅವನು ಬೇಡ ಅಂದರೆ ಕೂಡಲೇ ಹೊಡೆಯಬಹುದು. ರೆಫರಿ "ಸೀಟಿ ಊದುವ ತನಕ ಕಾಯಿ" ಅಂದಿದ್ದರೆ ಮಾತ್ರ ಕಾಯಬೇಕು. ಆ ತೀರ್ಪು ಸರಿಯೇ ಅಂತ ಇವತ್ತಿಗೂ ಜಗಳ ಇದೆ. ಅದು ಏನೇ ಇರಲಿ, ಆ ಎರಡು ಸೆಕೆಂಡಿನ ನಿರ್ಧಾರವನ್ನು ಯಾವ ಕೋಚ್ ಕೂಡ ಗೆರೆಯಾಚೆ ನಿಂತು ಮಾಡೋಕೆ ಆಗಲ್ಲ.

ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು, 54 ವರ್ಷಗಳ ಬಳಿಕ ಟ್ರೋಫಿ ರಾಜ್ಯಕ್ಕೆ ಬಂತು. ಮೂರನೇ ಗೋಲು ರಾಬಿನ್ ಯಾದವ್ ಅವರ ಫ್ರೀ ಕಿಕ್. ಅಂತರ ಬರೀ ಒಂದು ಗೋಲು ಅನ್ನೋದನ್ನ ಗಮನಿಸಿ.

ಕಾರ್ನರ್‌ನಲ್ಲಿ ಪ್ಲಾನ್ ಮುಖ್ಯ, ಛೆಟ್ರಿಯಂಥ ಕ್ಷಣದಲ್ಲಿ ಗಮನ ಮುಖ್ಯ. ಎರಡೂ ಬೇಕು. ಚಂದ್ರಗುತ್ತಿ, ಸೊರಬ, ಶಿಕಾರಿಪುರ ಕಡೆ ಕಬಡ್ಡಿ ನೋಡಿ ಬೆಳೆದವರಿಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಕಾರ್ನರ್‌ನವನು ಪಾದಕ್ಕೆ ಬೀಳುತ್ತಾನೆ, ಪಕ್ಕದವನು ಅದೇ ಉಸಿರಿನಲ್ಲಿ ಮೇಲೆ ಬೀಳಬೇಕು. ಯಾರ ಪಕ್ಕ ಯಾರು ನಿಲ್ಲಬೇಕು ಅಂತ ಕೋಚ್ ಮೊದಲೇ ಕಲಿಸಿರುತ್ತಾರೆ. "ಈಗ!" ಅನ್ನೋದು ಮಾತ್ರ ಒಳಗಿರುವವನ ಕೆಲಸ. ಪಕ್ಕದವನು ಬರ್ತಾನೆ ಅನ್ನೋ ನಂಬಿಕೆ ಇಲ್ಲದಿದ್ದರೆ ಯಾರೂ ಪಾದಕ್ಕೆ ಬೀಳಲ್ಲ. ಆ ನಂಬಿಕೆ ಹುಟ್ಟುವುದು ಅಭ್ಯಾಸದಲ್ಲಿ.

ನಮ್ಮಲ್ಲಿ ಎಷ್ಟೋ ಕಾಲೇಜು ತಂಡಗಳಿಗೆ ಪೂರ್ಣಾವಧಿ ಕೋಚ್ ಇರಲ್ಲ. ಲ್ಯಾಬ್ ಮುಗಿಸಿ ಗ್ರೌಂಡ್‌ಗೆ ಬರುವಷ್ಟರಲ್ಲಿ ಒಂದು ಗಂಟೆ ಬೆಳಕು ಉಳಿದಿರುತ್ತೆ ಅಷ್ಟೇ. ಅದರಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ. ಎಲ್ಲವನ್ನೂ ಕ್ಯಾಪ್ಟನ್ ತಲೆ ಮೇಲೆ ಹಾಕದೆ, ಸೆಟ್ ಪೀಸ್‌ಗೆ ಬೇರೆಯೇ ಒಬ್ಬ ನಾಯಕನನ್ನು ಆರಿಸಿ. ಅವನು ಅತ್ಯುತ್ತಮ ಆಟಗಾರ ಆಗಿರಬೇಕಿಲ್ಲ, ಎಲ್ಲರೂ ಕೇಳುವಂಥ ಮಾತಿನವನಾದರೆ ಸಾಕು. ಮೂರೇ ಮೂರು ಕಾರ್ನರ್ ಪ್ಲಾನ್ ಇಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಒಂದು ಕೈಸನ್ನೆ. ಹತ್ತಿರದ ಕಂಬಕ್ಕೆ ಓಡುವವನು ಯಾರು, ಗೋಲಿಯ ಮುಂದೆ ನಿಲ್ಲುವವನು ಯಾರು, ಬಾಕ್ಸ್ ಅಂಚಿನಲ್ಲಿ ಹೊರಬಂದ ಚೆಂಡಿಗೆ ಕಾಯುವವನು ಯಾರು, ಹಿಂದೆ ಉಳಿಯುವ ಇಬ್ಬರು ಯಾರು ಅಂತ ಹೆಸರು ಹಿಡಿದು ಹೇಳಿ. ಎದುರಾಳಿಯ ಫ್ರೀ ಕಿಕ್ ಬಂದರೆ ಗೋಡೆಗೆ ಎಷ್ಟು ಜನ ಅಂತ ಗೋಲಿಯೇ ಕೂಗಲಿ. ನಿಮ್ಮದೇ ಫ್ರೀ ಕಿಕ್ ಆಗಿದ್ದು ಎದುರಾಳಿಗಳು ಮೂರಕ್ಕಿಂತ ಕಡಿಮೆಯಿಲ್ಲದೆ ಗೋಡೆ ಕಟ್ಟಿದ್ದರೆ, ನಿಮ್ಮವರು ಅದರಿಂದ ಒಂದು ಮೀಟರ್ ದೂರ ಇರಬೇಕು ಅನ್ನೋದೂ ನೆನಪಿರಲಿ. 2019ರಿಂದ ಈ ನಿಯಮ ಇದೆ.

ಇನ್ನೊಂದು ಮಾತು. ಪ್ರತಿ ತಂಡದಲ್ಲೂ ಸೀಸನ್ ಪೂರ್ತಿ ನೀರಿನ ಬಾಟಲಿ ಕೊಡುವುದರಲ್ಲೇ ಕಳೆಯುವ ನಾಲ್ಕೈದು ಜನ ಇರ್ತಾರೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಅವರು ಪ್ರಾಕ್ಟೀಸ್‌ಗೆ ಬರೋದನ್ನೇ ಬಿಡ್ತಾರೆ. ಅವರಲ್ಲಿ ಒಬ್ಬನಿಗೆ ಉದ್ದ ಥ್ರೋ-ಇನ್ ಕಲಿಸಿ, ಇನ್ನೊಬ್ಬನಿಗೆ ಎದುರಾಳಿಗಳ ಕಾರ್ನರ್ ಗಮನಿಸಿ ಬರೆದಿಡೋಕೆ ಹೇಳಿ. ಕೊನೆಯ ಹತ್ತು ನಿಮಿಷಕ್ಕೆ ಇವನೇ ಬೇಕು ಅನ್ನೋ ಕೆಲಸ ಒಂದಿದ್ದರೆ ಅವನು ನಾಳೆಯೂ ಬರ್ತಾನೆ. ಹನ್ನೊಂದು ಜನರ ಗುಂಪು ಹದಿನಾರು ಜನರ ತಂಡ ಆಗೋದು ಹೀಗೇ.