ಕರೆಯ ಬದಿಯಲ್ಲಿ ನಿಂತು ಬರೆಯುವವರು

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಅದನ್ನು ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡು. ಅಷ್ಟು ಸಾಕಾಯಿತು. ದೇಶವೆಲ್ಲ ‘ಕಂಬಳದ ಬೋಲ್ಟ್’ನ ಮಾತಾಡಿತು, ಕೇಂದ್ರ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಓಡಲು ಅವರನ್ನು ಆಹ್ವಾನಿಸಿದರು. ಗೌಡರು ಆ ಆಹ್ವಾನವನ್ನು ಸ್ವೀಕರಿಸಲಿಲ್ಲ. ಕೆಸರಿನ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆಯಿಲ್ಲ ಎಂಬ ವಿವೇಕ ಆ ಗದ್ದಲದಲ್ಲಿ ಅವರಿಗೇ ಹೆಚ್ಚಾಗಿತ್ತು.

ಕೋಣಗಳ ಸೆಳೆತ ಓಟಗಾರನ ವೇಗಕ್ಕೆ ಎಷ್ಟು ಕೂಡುತ್ತದೆ, ನಿಂತಲ್ಲಿಂದ ಜಿಗಿದು ಓಡುವ ನೂರು ಮೀಟರಿಗೂ ಇದಕ್ಕೂ ಏನು ವ್ಯತ್ಯಾಸ, ಕರೆಯ ಉದ್ದ ಊರಿಂದ ಊರಿಗೆ ಏಕೆ ಬೇರೆ, ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳು ಯಾವುವು, ಕನೆ ಹಲಗೆಯಲ್ಲಿ ವೇಗಕ್ಕಿಂತ ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಚಿಮ್ಮುವ ನೀರೇ ಏಕೆ ಮುಖ್ಯ – ಇವನ್ನೆಲ್ಲ ಬಲ್ಲವರು ಕರಾವಳಿಯಲ್ಲಿ ಸಾವಿರಾರು ಮಂದಿ ಇದ್ದಾರೆ. ಅಥ್ಲೆಟಿಕ್ಸ್ ಬಲ್ಲವರೂ ಇದ್ದಾರೆ. ಎರಡನ್ನೂ ಬಲ್ಲ, ಅದನ್ನು ಆ ದಿನವೇ ಎಂಟುನೂರು ಪದಗಳಲ್ಲಿ ಬರೆದು ಕಳುಹಿಸಬಲ್ಲ ಲೇಖಕರು ವಿರಳ. ಸ್ವತಂತ್ರ ಕ್ರೀಡಾ ಪತ್ರಕರ್ತರಾಗಬೇಕೆಂಬ ತರುಣ ತರುಣಿಯರಿಗೆ ಇರುವ ಜಾಗ ಇದೇ ಎಂದು ನನ್ನ ನಂಬಿಕೆ.

ಆದರೆ ಅವರ ಕಣ್ಣು ಬೇರೆಡೆ ಇರುತ್ತದೆ. ಪತ್ರಿಕೋದ್ಯಮ ಪದವಿ ಮುಗಿಸಿ ಬರುವವರಲ್ಲಿ ಕ್ರೀಡೆಯ ಒಲವಿರುವವರ ಕನಸು ಬಹುಮಟ್ಟಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಪತ್ರಕರ್ತರ ಗ್ಯಾಲರಿ. ಕನಸು ತಪ್ಪಲ್ಲ, ವ್ಯಾಪಾರದ ದೃಷ್ಟಿಯಿಂದ ಮಾತ್ರ ಅದು ದುರ್ಬಲ. ಐಪಿಎಲ್ ಪಂದ್ಯದ ಪ್ರತಿ ಎಸೆತವೂ ಓದುಗನ ಮೊಬೈಲಿನಲ್ಲಿ ಆಗಲೇ ಇರುತ್ತದೆ. ಸುದ್ದಿಸಂಸ್ಥೆಯ ವರದಿ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಸಂಪಾದಕರ ಮೇಜಿಗೆ ಬರುತ್ತದೆ. ಪ್ರವೇಶಪತ್ರವನ್ನು ಸಾಮಾನ್ಯವಾಗಿ ಸಂಸ್ಥೆಯ ಹೆಸರಿಗೇ ಕೊಡುವುದರಿಂದ, ಸಂಪಾದಕರ ಶಿಫಾರಸು ಪತ್ರವಿಲ್ಲದ ಹವ್ಯಾಸಿಗೆ ಅಲ್ಲಿ ಬಾಗಿಲೂ ತೆರೆಯದು. ಎಲ್ಲರ ಬಳಿಯೂ ಇರುವ ಸರಕನ್ನು ಸಂತೆಗೆ ಹೊತ್ತು ತಂದವನಿಗೆ ಬೆಲೆ ಎಲ್ಲಿಂದ ಬರಬೇಕು?

ಯಾರ ಬಳಿಯೂ ಇಲ್ಲದ ಸರಕಾದರೋ ನಾಡಿನ ತುಂಬ ಬಿದ್ದಿದೆ. 1997ರಲ್ಲಿ ಕೊಡಗಿನ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಫೈನಲ್ ದಿನದ ಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತದೆ. ಮೊದಲ ಸುತ್ತಿನಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವಾಗ ಆಟದ ಲಯ ಹೇಗೆ ಬದಲಾಗುತ್ತದೆ ಎಂದು ಬರೆಯಲು ವಾರಗಟ್ಟಲೆ ಅಲ್ಲಿ ಇರಬೇಕು. ಅಷ್ಟು ದಿನ ಒಬ್ಬ ಕಾಯಂ ವರದಿಗಾರನನ್ನು ಬಿಟ್ಟುಕೊಡಲು ಯಾವ ಪತ್ರಿಕೆಗೂ ಆಗದು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ತಂಡಗಳಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದರೊಂದಿಗೆ ಹೋಲಿಸಿ, ರಾಜ್ಯ ಸರ್ಕಾರ ಪ್ರಕಟಿಸಿದ ತಲಾ 5 ಲಕ್ಷ ರೂಪಾಯಿಯನ್ನು ಇಬ್ಬರೂ ನಿರಾಕರಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಹಣದ ಜಗಳ ಓದಿದ ನಮಗೆ, ಒಂದು ಹಳ್ಳಿ ವಿಶ್ವಕಪ್ ಆಟಗಾರ್ತಿಯನ್ನು ಬೆಳೆಸಿದ್ದು ಹೇಗೆ ಎಂಬುದು ತಿಳಿದದ್ದು ಕಡಿಮೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 1.74 ಮೀಟರ್ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಏಕೈಕ ಪದಕ ಅದು. ಅಂಥವರ ಊರಿನ ಮೈದಾನಕ್ಕೆ ನಮ್ಮವರು ಹೋಗುವುದು ಪದಕ ಬಂದ ಮರುದಿನ.

ಆದ್ದರಿಂದ ಹೊಸಬರು ಮೊದಲು ಒಂದು ಆಟವನ್ನೂ ಒಂದು ಪ್ರದೇಶವನ್ನೂ ಆರಿಸಿಕೊಂಡು ಅದರ ದಾಖಲೆಯನ್ನು ತಾವೇ ಇಟ್ಟುಕೊಳ್ಳಬೇಕು. ತಾಲ್ಲೂಕು ಕೂಟದ ಫಲಿತಾಂಶಪಟ್ಟಿ ಕೂಟ ಮುಗಿದ ವಾರದಲ್ಲಿ ಕಾಣೆಯಾಗುತ್ತದೆ. ಅದನ್ನು ಐದು ವರ್ಷ ಜತನದಿಂದ ಬರೆದಿಟ್ಟವನ ನೋಟ್‌ಪುಸ್ತಕ, ಯಾವ ಸುದ್ದಿಸಂಸ್ಥೆಯೂ ಮಾರಲಾರದ ವಸ್ತು. ಕಾನೂನಿನ ಅರಿವೂ ಬೇಕು. ಕಂಬಳದ ಬಗ್ಗೆ ಬರೆಯುವವರು ಸುಪ್ರೀಂ ಕೋರ್ಟಿನ 2014 ಮತ್ತು 2023ರ ತೀರ್ಪುಗಳನ್ನು ಓದಿರಬೇಕು. ಕರ್ನಾಟಕ ಪ್ರೀಮಿಯರ್ ಲೀಗ್‌ನ 2019ರ ಫಿಕ್ಸಿಂಗ್ ಹಗರಣದಲ್ಲಿ ಆಟಗಾರರ ಬಂಧನವಾದಾಗ ಎಲ್ಲರೂ ‘ವಂಚನೆ’ ಎಂದು ಬರೆದರು. 2022ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ 420ನೇ ಕಲಮಿನ ಅರ್ಥದಲ್ಲಿ ವಂಚನೆಯಲ್ಲ ಎಂದು ಪ್ರಕರಣವನ್ನು ರದ್ದುಪಡಿಸಿತು. ಮಾನನಷ್ಟದ ನೋಟಿಸು ಬಂದರೆ ಕಾಯಂ ನೌಕರನ ಬೆನ್ನಿಗೆ ಸಂಸ್ಥೆಯ ವಕೀಲರಿರುತ್ತಾರೆ. ಹವ್ಯಾಸಿಯ ಬೆನ್ನಿಗೆ ಅವನ ಟಿಪ್ಪಣಿಗಳು, ಧ್ವನಿಮುದ್ರಿಕೆಗಳು ಮಾತ್ರ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಬಂದವರಿಗೆ ನಮ್ಮ ಪತ್ರಿಕೆಗಳು ಕೊಡುವುದೇನು? ಇಲ್ಲಿ ಮಾತು ಕಹಿಯಾಗುತ್ತದೆ. ಬೆಂಗಳೂರಿನಿಂದ ನಾಪೋಕ್ಲುವಿಗೆ ಹೋಗಿ ಎರಡು ದಿನ ಉಳಿದು ಬರೆದ ಲೇಖನಕ್ಕೂ, ಮನೆಯಲ್ಲಿ ಕುಳಿತು ಅಂತರಜಾಲದಿಂದ ಹೆಕ್ಕಿ ಬರೆದ ಲೇಖನಕ್ಕೂ ಒಂದೇ ಸಂಭಾವನೆ ಎಂಬ ಪದ್ಧತಿ ಇರುವಲ್ಲಿ, ಎರಡನೆಯ ಬಗೆಯ ಲೇಖನವೇ ಬೆಳೆಯುತ್ತದೆ. ಹೊಸಬರಿಗೆ ‘ಹೆಸರು ಬರುತ್ತದಲ್ಲ’ ಎಂದು ಹೇಳುವ ರೂಢಿಯೂ ಇದೆ. ಹೆಸರು ತೋರಿಸಿದರೆ ಬಸ್ ಕಂಡಕ್ಟರ್ ಟಿಕೆಟ್ ಕೊಡುವುದಿಲ್ಲ. ಈ ಸ್ಥಿತಿಯಲ್ಲಿ ಉದ್ಯೋಗ ಬಿಟ್ಟು ಪೂರ್ಣಾವಧಿಗೆ ಇಳಿಯಿರಿ ಎಂದು ಯಾವ ಯುವಕನಿಗೂ ಹೇಳಲಾರೆ. ಎರಡು ವರ್ಷವಾದರೂ ಬೇರೊಂದು ಸಂಬಳದ ಆಸರೆ ಇರಲಿ.

ಸಂಪಾದಕರಿಂದ ಕೇಳಬೇಕಾದದ್ದು ಬಹಳವಿಲ್ಲ. ಒಪ್ಪಿಕೊಂಡ ಲೇಖನಕ್ಕೆ ಮೊದಲೇ ಲಿಖಿತ ದರ, ಪ್ರಯಾಣದ ಖರ್ಚು ಪ್ರತ್ಯೇಕ, ಪ್ರಕಟವಾದ ತಿಂಗಳೊಳಗೆ ಹಣ, ಕೂಟಕ್ಕೆ ಹೋಗಲು ಪತ್ರಿಕೆಯ ಮುದ್ರೆಯುಳ್ಳ ಒಂದು ಶಿಫಾರಸು ಪತ್ರ. ಕೊನೆಯದಕ್ಕೆ ಒಂದು ಹಾಳೆ ಕಾಗದದ ಹೊರತು ಏನೂ ಖರ್ಚಿಲ್ಲ.